ಕ್ರೀಡಾಲೇಖಕ ಜಾನ್ ಆರ್ಲಟ್

ಸಂಜೆ ಐದೂವರೆಯ ವೇಳೆಗೆ ಕಾಲೇಜಿನ ಮೈದಾನದಲ್ಲಿ ಆಟ ಮುಗಿಯುತ್ತದೆ. ಹುಡುಗರು ನೆಟ್ಟ ಕೋಲುಗಳನ್ನು ಕಿತ್ತು ಹೆಗಲಿಗೇರಿಸಿಕೊಂಡು, ಗೆದ್ದವರು ಗೆದ್ದ ಸಡಗರದಲ್ಲಿ, ಸೋತವರು ಸೋತ ಕಾರಣವನ್ನು ಹುಡುಕುತ್ತ, ಮನೆಯ ದಾರಿ ಹಿಡಿಯುತ್ತಾರೆ. ಅರ್ಧ ಗಂಟೆ ಕಳೆಯುವುದರೊಳಗೆ ಅಲ್ಲಿ ಮೇಯುವ ಒಂದೆರಡು ದನಗಳ ಹೊರತು ಮತ್ತೇನೂ ಕಾಣದು. ಸ್ವಲ್ಪ ಹೊತ್ತಿನ ಹಿಂದೆ ನೋಡಿದವರೆಲ್ಲರನ್ನೂ ಎದ್ದು ನಿಲ್ಲಿಸಿದ ಆ ಸೊಗಸಾದ ಹೊಡೆತ ಎಲ್ಲಿ ಹೋಯಿತು? ಶಿಲ್ಪಿ ಕಡೆದ ಮದನಿಕೆ ಸುಮಾರು ಒಂಬತ್ತು ನೂರು ವರ್ಷಗಳಿಂದ ಬೇಲೂರಿನಲ್ಲಿ ನಿಂತಿದ್ದಾಳೆ. ಕವಿಯ ಪದ್ಯ ಓಲೆಯ ಗರಿಯಲ್ಲಿಯೋ ಅಚ್ಚಿನ ಹಾಳೆಯಲ್ಲಿಯೋ ಉಳಿಯುತ್ತದೆ. ಆಟಗಾರನ ಕಲೆಯಾದರೋ ಹುಟ್ಟಿದ ಕ್ಷಣದಲ್ಲಿಯೇ ಕರಗಿಹೋಗತಕ್ಕದ್ದು. ಉಳಿಯುವುದು ಲೆಕ್ಕದ ಪುಸ್ತಕದಲ್ಲಿ ನಾಲ್ಕಾರು ಅಂಕಿಗಳು ಮಾತ್ರ. ಆ ಅಂಕಿಗಳಿಗೆ ಮತ್ತೆ ರಕ್ತಮಾಂಸಗಳನ್ನು ತುಂಬಿ ಮುಂದಿನವರ ಕೈಗೆ ಒಪ್ಪಿಸುವವನು ಕ್ರೀಡಾಲೇಖಕ.

ಇಂಥ ಬರವಣಿಗೆಯನ್ನು ಸಾಹಿತ್ಯವೆಂದು ಎಣಿಸಬಹುದೇ ಎಂಬ ಪ್ರಶ್ನೆ ನಮ್ಮ ವಿದ್ವಾಂಸರಲ್ಲಿ ಅನೇಕರಿಗೆ ಏಳುತ್ತದೆ. ಬೆಳಗಿನ ಪತ್ರಿಕೆಯೊಂದಿಗೆ ಹುಟ್ಟಿ ಸಂಜೆಗೆ ಕಡಲೆಕಾಯಿಯ ಪೊಟ್ಟಣವಾಗುವ ಬರಹಕ್ಕೆ ಇಷ್ಟೊಂದು ಮರ್ಯಾದೆ ಏತಕ್ಕೆ ಎಂದು ಅವರು ಕೇಳುತ್ತಾರೆ. ವಾದದಿಂದ ಉತ್ತರ ಕೊಡುವುದಕ್ಕಿಂತ ಒಬ್ಬ ಮನುಷ್ಯನ ಜೀವನವನ್ನು ಅವರ ಮುಂದಿಡುವುದೇ ಲೇಸೆಂದು ನಮಗೆ ತೋರುತ್ತದೆ. ಆತನ ಹೆಸರು ಜಾನ್ ಆರ್ಲಟ್. ಇಂಗ್ಲೆಂಡಿನವನು, ೧೯೧೪ರಿಂದ ೧೯೯೧ರವರೆಗೆ ಬಾಳಿದವನು. ಮೂವತ್ತನಾಲ್ಕು ವರ್ಷಗಳ ಕಾಲ ಕ್ರಿಕೆಟ್ ಆಟವನ್ನು ರೇಡಿಯೋದಲ್ಲಿ ನುಡಿದ. ಅದಕ್ಕೂ ಹೆಚ್ಚು ಕಾಲ ಅದನ್ನು ಕುರಿತು ಬರೆದ. ಅದನ್ನು ಆಡಿದವರ ಜೀವನಚರಿತ್ರೆಗಳನ್ನು ರಚಿಸಿದ. ಆತನ ಆ ವೃತ್ತಿ ಮೊದಲಾದುದು ಭಾರತದ ಶ್ರೋತೃಗಳಿಗಾಗಿ ಎಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದ ಸಂಗತಿ.

ಆರ್ಲಟ್ಟನು ಹುಟ್ಟಿದುದು ೧೯೧೪ನೆಯ ಇಸವಿ ಫೆಬ್ರವರಿ ೨೫ರಂದು, ಹ್ಯಾಂಪ್‌ಷೈರ್ ಪ್ರಾಂತದ ಬೇಸಿಂಗ್‌ಸ್ಟೋಕ್ ಎಂಬ ಪಟ್ಟಣದಲ್ಲಿ. ಮನೆ ಊರಿನ ಸ್ಮಶಾನದ ಕಾವಲು ಮನೆ. ತಾತನು ಆ ಸ್ಮಶಾನದ ಮೇಲ್ವಿಚಾರಣೆಯವನು. ತಂದೆಗೂ ಅಲ್ಲಿಯೇ ಕೆಲಸ. ಗೋರಿಕಲ್ಲುಗಳ ನಡುವೆ ಆಡಿ ಬೆಳೆದ ಹುಡುಗನಿಗೆ ಹೆಸರುಗಳಲ್ಲಿ, ತೇದಿಗಳಲ್ಲಿ, ಅವೆರಡರ ನಡುವೆ ಅಡಗಿರುವ ಬಾಳುಗಳಲ್ಲಿ ಕುತೂಹಲ ಹುಟ್ಟಿದ್ದರೆ ಅದು ಆಶ್ಚರ್ಯವಲ್ಲ. ಊರಿನ ಗ್ರಾಮರ್ ಶಾಲೆಗೆ ಸೇರಿದನಾದರೂ ಮುಖ್ಯೋಪಾಧ್ಯಾಯರೊಡನೆ ಒಗ್ಗದೆ ೧೯೩೦ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಓದನ್ನು ಬಿಟ್ಟ. ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ವಿದ್ಯಾರ್ಥಿಯಾಗಿ ಏರಲೇ ಇಲ್ಲ. ಮಾನಸಿಕ ರೋಗಿಗಳ ಆಸ್ಪತ್ರೆಯೊಂದರಲ್ಲಿ ಗುಮಾಸ್ತೆಯಾಗಿ ಕೆಲವು ವರ್ಷ ದುಡಿದು, ೧೯೩೪ರಲ್ಲಿ ಸೌತ್‌ಹ್ಯಾಂಪ್ಟನ್ ಬಂದರಿನ ಪೋಲೀಸು ದಳವನ್ನು ಸೇರಿದ. ಅಲ್ಲಿ ಹನ್ನೊಂದು ವರ್ಷಕ್ಕೆ ಮೇಲ್ಪಟ್ಟು ಇದ್ದು ಸಾರ್ಜೆಂಟನಾದ.

ಈ ಪೋಲೀಸಿನವನಿಗೆ ಎರಡು ಹುಚ್ಚುಗಳಿದ್ದುವು. ಒಂದು ಕ್ರಿಕೆಟ್ಟು. ಹನ್ನೆರಡನೆಯ ವಯಸ್ಸಿನಲ್ಲಿ, ೧೯೨೬ರಲ್ಲಿ, ಲಂಡನ್ನಿನ ಓವಲ್ ಮೈದಾನದಲ್ಲಿ ಜ್ಯಾಕ್ ಹಾಬ್ಸ್ ಆಡಿದ ಟೆಸ್ಟ್ ಪಂದ್ಯವನ್ನು ನೋಡಿದಂದಿನಿಂದ ಹಾಬ್ಸನು ಅವನ ಆರಾಧ್ಯಮೂರ್ತಿಯಾದ. ಬಿಡುವಾದಾಗಲೆಲ್ಲ ಹ್ಯಾಂಪ್‌ಷೈರಿನ ಆಟಗಾರರ ಹಿಂದೆ ಊರೂರು ಸುತ್ತುತ್ತಿದ್ದ. ೧೯೩೮ರಲ್ಲಿ ಒಮ್ಮೆ ಅವರಿಗೆ ಆಳು ಸಾಲದೆ ಬಂದಾಗ ಬದಲಿಯಾಗಿ ಮೈದಾನಕ್ಕಿಳಿದು ಚೆಂಡನ್ನು ತಡೆದದ್ದೂ ಉಂಟು. ದೊಡ್ಡ ಆಟದಲ್ಲಿ ಅವನ ಪಾಲಿಗೆ ಬಂದದ್ದು ಅಷ್ಟೆ. ಎರಡನೆಯ ಹುಚ್ಚು ಕಾವ್ಯ. ಪಹರೆಯ ವೇಳೆ ಮುಗಿದ ಮೇಲೆ ಹಳೆಯ ಪುಸ್ತಕದಂಗಡಿಗಳನ್ನು ಸೋಸುವುದು, ಕವಿತೆಗಳನ್ನು ಓದುವುದು, ತಾನೂ ಬರೆಯುವುದು. ಯುದ್ಧದ ನಡುವೆ, ೧೯೪೪ರಲ್ಲಿ, ಅವನದೇ ಒಂದು ಕವನ ಸಂಗ್ರಹ ಹೊರಬಿತ್ತು. ಕವಿ ಜಾನ್ ಬೆಟ್ಜೆಮನ್ ಮೊದಲಾದವರ ಸ್ನೇಹ ದೊರೆಯಿತು. ಆ ಸ್ನೇಹದ ಮೂಲಕ ರೇಡಿಯೋದ ಬಾಗಿಲು ತೆರೆಯಿತು. ೧೯೪೫ರಲ್ಲಿ ಯುದ್ಧ ಮುಗಿದ ದಿನ ಪೋಲೀಸರ ಪರವಾಗಿ ದೊರೆಗೆ ಗೌರವ ಸಲ್ಲಿಸುವ ಭಾಷಣವನ್ನು ಪ್ರಸಾರ ಮಾಡಲು ಆರಿಸಲ್ಪಟ್ಟವನು ಈತನೇ. ಅದೇ ವರ್ಷ ಸಮವಸ್ತ್ರವನ್ನು ಕಳಚಿಟ್ಟು ಬಿ.ಬಿ.ಸಿ.ಯ ಪೌರಸ್ತ್ಯ ವಿಭಾಗದಲ್ಲಿ ಸಾಹಿತ್ಯ ಕಾರ್ಯಕ್ರಮಗಳ ನಿರ್ಮಾಪಕನಾದ. ಅದೇ ವಿಭಾಗದಲ್ಲಿ ಅವನಿಗಿಂತ ಮುಂಚೆ ಜಾರ್ಜ್ ಆರ್ವೆಲ್ ದುಡಿದಿದ್ದನೆಂದರೆ ಆ ಕೆಲಸದ ಯೋಗ್ಯತೆ ತಿಳಿದೀತು.

ಪೌರಸ್ತ್ಯ ವಿಭಾಗವೆಂದರೆ ಭಾರತವೇ ಮೊದಲಾದ ಪೂರ್ವದೇಶಗಳಿಗೆ ಪ್ರಸಾರ ಮಾಡುವ ಶಾಖೆ. ೧೯೪೬ರ ಬೇಸಿಗೆಯಲ್ಲಿ ಪಟೌಡಿಯ ನವಾಬರ ನಾಯಕತ್ವದಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋಯಿತು. ವಿಜಯ್ ಮರ್ಚೆಂಟ್, ಲಾಲಾ ಅಮರನಾಥ್, ವಿನೂ ಮಂಕಡ್, ವಿಜಯ್ ಹಜಾರೆ, ಮುಷ್ತಾಕ್ ಅಲಿ ಮುಂತಾದವರು ಆ ತಂಡದಲ್ಲಿದ್ದರು. ಅವರ ಮೊದಲ ಪಂದ್ಯಗಳ ವರದಿಯನ್ನು ಭಾರತದವರಿಗೆ ಕೇಳಿಸಬೇಕಾಗಿ ಬಂದಾಗ, ಕಾವ್ಯದ ಕೊಠಡಿಯಲ್ಲಿ ಕ್ರಿಕೆಟ್ ಬಲ್ಲವನೊಬ್ಬನಿದ್ದಾನೆಂದು ಮೇಲಧಿಕಾರಿಗೆ ನೆನಪಾಯಿತು. ಆರ್ಲಟ್ಟನನ್ನು ಊಸ್ಟರಿಗೂ ಆಕ್ಸ್‌ಫರ್ಡಿಗೂ ಕಳುಹಿಸಿದರು. ಪರೀಕ್ಷಾರ್ಥವಾಗಿ ಹೋದವನ ನುಡಿ ಭಾರತದಲ್ಲಿ ಮೆಚ್ಚುಗೆ ಪಡೆಯಿತು. ಪ್ರವಾಸ ಪೂರ್ತಿಯೂ ಅವನಿಗೇ ದೊರೆಯಿತು.

ಆ ಬೇಸಿಗೆಯಲ್ಲಿ ಆತನು ನೋಡಿದುದೇನು ಸಾಮಾನ್ಯವೇ? ಓವಲ್ ಮೈದಾನದಲ್ಲಿ ಸರ್ರೆ ತಂಡದ ವಿರುದ್ಧ ಒಂಬತ್ತು ವಿಕೆಟ್ಟುಗಳು ಬಿದ್ದ ಮೇಲೆ, ಇನ್ನೇನು ಮುಗಿಯಿತೆಂದು ಎಲ್ಲರೂ ಏಳುವ ಹೊತ್ತಿಗೆ, ಸರವಟೆಯವರೂ ಬ್ಯಾನರ್ಜಿಯವರೂ ಜೊತೆಗೂಡಿ ೨೪೯ ರನ್ನುಗಳನ್ನು ಸೇರಿಸಿದರು. ಹತ್ತನೆಯವನೂ ಹನ್ನೊಂದನೆಯವನೂ ಇಬ್ಬರೂ ಶತಕ ಹೊಡೆದ ಪಂದ್ಯ ಅದು. ಪ್ರವಾಸದಲ್ಲಿ ಮರ್ಚೆಂಟರು ೨,೩೮೫ ರನ್ನುಗಳನ್ನು ಗಳಿಸಿದರು. ಮಂಕಡರು ಸಾವಿರಕ್ಕೆ ಮೇಲ್ಪಟ್ಟು ರನ್ನುಗಳನ್ನೂ ೧೨೯ ವಿಕೆಟ್ಟುಗಳನ್ನೂ ಪಡೆದರು. ಟೆಸ್ಟ್ ಪಂದ್ಯಗಳಲ್ಲಿ ನಮಗೆ ಗೆಲುವು ಬರಲಿಲ್ಲ. ಒಂದು ಸೋಲು, ಎರಡು ಸಮ. ಆದರೂ ಆ ಪ್ರವಾಸದ ಕಥನವನ್ನು ಆರ್ಲಟ್ಟನು ಮರುವರ್ಷ ‘ಇಂಡಿಯನ್ ಸಮ್ಮರ್’ ಎಂಬ ಪುಸ್ತಕವಾಗಿ ಪ್ರಕಟಿಸಿದ. ಒಂದು ದೀರ್ಘ ಗ್ರಂಥಮಾಲೆಯ ಆರಂಭವೇ ನಮ್ಮ ದೇಶದ ಹೆಸರನ್ನು ಹೊತ್ತಿತು.

ಇಲ್ಲಿ ನಮ್ಮ ಮೈಸೂರನ್ನು ನೆನೆಯದೆ ಮುಂದುವರಿಯಲಾರೆವು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಪ್ರಸಾರ ಕೇಂದ್ರವನ್ನು ಸ್ಥಾಪಿಸಿದ್ದರು. ‘ಆಕಾಶವಾಣಿ’ ಎಂಬ ಹೆಸರು ಈ ನಾಡಿನಲ್ಲಿ ಕಿವಿಗೆ ಬಿದ್ದುದು ಅಲ್ಲಿಂದ. ಅಲ್ಲಿ ಒಬ್ಬ ಅಧ್ಯಾಪಕ, ಇಲ್ಲಿ ಒಬ್ಬ ಪೋಲೀಸಿನವನು: ಇಬ್ಬರೂ ತಮ್ಮ ಕಸಬನ್ನು ಮೀರಿದ ಒಂದು ಹುಚ್ಚಿನಿಂದಲೇ ಆ ಹೊಸ ಯಂತ್ರದ ಬಳಿಗೆ ಬಂದವರು. ಯಾವ ನೂತನ ಸಾಧನವೂ ಮೊದಮೊದಲು ಇಂಥವರಿಂದಲೇ ಬೆಳೆಯುತ್ತದೆಂಬುದು ನಮ್ಮ ನಂಬಿಕೆ.

ರೇಡಿಯೋದಲ್ಲಿ ಆಟವನ್ನು ವರ್ಣಿಸುವ ಕೆಲಸ ಎಷ್ಟು ಕಠಿನವೆಂಬುದನ್ನು ಸ್ವಲ್ಪ ವಿಚಾರಮಾಡೋಣ. ಕಾಲ್ಚೆಂಡಿನ ಆಟದಲ್ಲಿ ಚೆಂಡು ಓಡುತ್ತಲೇ ಇರುತ್ತದೆ. ಮಾತು ಅದರ ಹಿಂದೆ ಓಡಿದರೆ ಸಾಕು. ಕ್ರಿಕೆಟ್ ಹಾಗಲ್ಲ. ಬೌಲರು ಎಸೆದ ಚೆಂಡು ದಾಂಡಿಗನನ್ನು ಮುಟ್ಟುವುದು ಒಂದು ಕ್ಷಣಕ್ಕಿಂತ ಕಡಮೆ ವೇಳೆಯಲ್ಲಿ. ಆಮೇಲೆ ಬೌಲರು ತನ್ನ ಗುರುತಿಗೆ ನಡೆದು ಹಿಂದಿರುಗುವವರೆಗೆ ಅರ್ಧ ನಿಮಿಷದಷ್ಟು ಬರಿಯ ಕಾಲ. ದಿನವೊಂದಕ್ಕೆ ಆರು ಗಂಟೆಯ ಆಟದಲ್ಲಿ ನಿಜವಾಗಿ ಚೆಂಡು ಚಲಿಸುವ ಹೊತ್ತು ಬಹು ಸ್ವಲ್ಪ. ಉಳಿದ ಹೊತ್ತನ್ನು ಏನಿನಿಂದ ತುಂಬಬೇಕು? ಅಂಕಿಗಳನ್ನೇ ಒಪ್ಪಿಸುತ್ತ ಹೋದರೆ ಕೇಳುವವನು ನಿದ್ರೆ ಹೋಗುತ್ತಾನೆ. ಸುಮ್ಮನೆ ಹರಟಿದರೆ ಆಟವೇ ಮರೆಯಾಗುತ್ತದೆ. ಆರ್ಲಟ್ಟನು ಆ ಬಿಡುವನ್ನು ಕಣ್ಣಿನಿಂದ ತುಂಬಿದ. ಬೌಲರಿನ ನಡಿಗೆ, ಅಂಗಿಯ ತೋಳನ್ನು ಮಡಿಸುವ ರೀತಿ, ಮೈದಾನದ ಮೇಲೆ ಜರುಗುವ ಮೋಡದ ನೆರಳು, ಬೇಲಿಯಾಚೆ ಕುಳಿತ ಮುದುಕ, ಇವೆಲ್ಲ ಅವನ ಮಾತಿನಲ್ಲಿ ಬಂದು ಸೇರುತ್ತಿದ್ದುವು. ನಾವು ಅವನನ್ನು ಕೇಳಿರುವುದು ಉಳಿದುಬಂದಿರುವ ಧ್ವನಿಮುದ್ರಿಕೆಗಳಲ್ಲಿ. ಅವಸರವೇ ಇಲ್ಲದ, ತುಸು ಗೊಗ್ಗರಾದ, ಹೊಲದ ಮಣ್ಣು ಮೆತ್ತಿದಂತಿರುವ ದನಿ ಅದು.

ಆ ದನಿಯ ವಿಷಯದಲ್ಲಿಯೇ ಒಂದು ಕಥೆಯುಂಟು. ಆ ಕಾಲದಲ್ಲಿ ಬಿ.ಬಿ.ಸಿ.ಯಲ್ಲಿ ಮಾತನಾಡುವವರೆಲ್ಲ ಶ್ರೀಮಂತ ಶಾಲೆಗಳ ಒಂದೇ ಅಚ್ಚಿನ ಉಚ್ಚಾರಣೆಯವರು. ಆರ್ಲಟ್ಟನಾದರೋ ಹ್ಯಾಂಪ್‌ಷೈರಿನ ಹಳ್ಳಿಗಾಡಿನ ಎಳೆತವನ್ನು ಕೊನೆಯವರೆಗೂ ಬಿಡಲಿಲ್ಲ. ದನಿ ಒರಟು, ಆದರೆ ಮನಸ್ಸು ಸ್ವಾರಸ್ಯವುಳ್ಳದ್ದು ಎಂದು ಮೇಲಧಿಕಾರಿಯೊಬ್ಬರು ಅವನ ಎದುರಿಗೇ ತೀರ್ಪು ಕೊಟ್ಟರೆಂದು ಪ್ರತೀತಿ. ಕಾಲಕ್ರಮದಲ್ಲಿ ಆ ಒರಟು ದನಿಯೇ ಇಂಗ್ಲೆಂಡಿನ ಬೇಸಿಗೆಯ ದನಿಯೆಂದು ಜನ ಭಾವಿಸಿದರು. ಮೈಕಿನ ಮುಂದೆ ಕುಳಿತೊಡನೆ ಹುಟ್ಟೂರಿನ ಕನ್ನಡವನ್ನು ಹೊರಗೆ ಚಪ್ಪಲಿಯೊಂದಿಗೆ ಬಿಟ್ಟುಬರಬೇಕೆಂದು ತಿಳಿದಿರುವ ನಮ್ಮಂಥವರು ಇದನ್ನು ಮನನ ಮಾಡತಕ್ಕದ್ದಾಗಿದೆ.

ಮಾತನ್ನು ಎಲ್ಲಿ ಆಡಬೇಕೆಂಬುದರಷ್ಟೇ ಎಲ್ಲಿ ತಡೆಯಬೇಕೆಂಬುದನ್ನೂ ಆತನು ಬಲ್ಲ. ೧೯೪೮ರ ಆಗಸ್ಟ್ ೧೪ರಂದು ಓವಲ್ ಮೈದಾನದಲ್ಲಿ ಬ್ರಾಡ್ಮನ್ ತನ್ನ ಕೊನೆಯ ಟೆಸ್ಟ್ ಆಟಕ್ಕೆ ಇಳಿದ. ಸರಾಸರಿ ನೂರಾಗಲು ಕೇವಲ ನಾಲ್ಕು ರನ್ನುಗಳು ಸಾಕಾಗಿದ್ದುವು. ಇಂಗ್ಲೆಂಡಿನ ಆಟಗಾರರು ಸುತ್ತ ನಿಂತು ಜಯಘೋಷ ಮಾಡಿದರು. ಹಾಲಿಸ್ ಎಸೆದ ಎರಡನೆಯ ಚೆಂಡಿಗೆ ವಿಕೆಟ್ಟು ಬಿತ್ತು, ಗಳಿಕೆ ಸೊನ್ನೆ, ಸರಾಸರಿ ೯೯.೯೪ರಲ್ಲಿ ನಿಂತಿತು. ಆಗ ಮೈಕಿನ ಮುಂದೆ ಇದ್ದವನು ಆರ್ಲಟ್. ಅವನು ಕೂಗಲಿಲ್ಲ. ಸ್ವಲ್ಪ ಸುಮ್ಮನಿದ್ದು, ಇಂಥ ಬೀಳ್ಕೊಡುಗೆಯ ನಡುವೆ ನಿಂತವನಿಗೆ ಚೆಂಡು ಕಣ್ಣಿಗೆ ಸರಿಯಾಗಿ ಕಾಣುವುದೇ ಎಂದು ತನಗೆ ತಾನೇ ಕೇಳಿಕೊಳ್ಳುವಂತೆ ಯೋಚಿಸಿದ. ಸೊನ್ನೆಯೆಂಬ ಅಂಕಿಯ ಹಿಂದೆ ನಿಂತಿದ್ದ ಮನುಷ್ಯನನ್ನು ಕಂಡುದೇ ಅವನ ಹೆಚ್ಚಳ.

ರೇಡಿಯೋ ಅವನಿಗೆ ಕೀರ್ತಿಯನ್ನು ತಂದಿತು. ದಿನದ ಅನ್ನವಾದರೋ ಬಹುಮಟ್ಟಿಗೆ ಲೇಖನಿಯಿಂದ ಬಂದಿತು. ದಿನಪತ್ರಿಕೆಗಳಿಗೆ ಬೇಸಿಗೆಯಲ್ಲಿ ಕ್ರಿಕೆಟ್ಟು, ಚಳಿಗಾಲದಲ್ಲಿ ಕಾಲ್ಚೆಂಡು. ೧೯೬೮ರಿಂದ ನಿವೃತ್ತಿಯವರೆಗೆ ‘ಗಾರ್ಡಿಯನ್’ ಪತ್ರಿಕೆಯ ಪ್ರಧಾನ ಕ್ರಿಕೆಟ್ ಬಾತ್ಮೀದಾರ. ಅದೇ ಪತ್ರಿಕೆಗೆ ದ್ರಾಕ್ಷಾರಸವನ್ನು ಕುರಿತೂ ಬರೆಯುತ್ತಿದ್ದ. ‘ವಿಸ್ಡನ್’ ವಾರ್ಷಿಕದಲ್ಲಿ ೧೯೫೦ರಿಂದ ಮೊದಲುಗೊಂಡು ಸುಮಾರು ನಲವತ್ತು ವರ್ಷಗಳ ಕಾಲ ಕ್ರಿಕೆಟ್ ಗ್ರಂಥಗಳ ವಿಮರ್ಶೆಯನ್ನು ಬಹುಪಾಲು ಇವನೇ ಮಾಡಿದ. ಪ್ರವಾಸ ಕಥನಗಳು, ಪ್ರಬಂಧ ಸಂಗ್ರಹಗಳು, ಆಟವನ್ನು ನೋಡುವ ಬಗೆಯನ್ನು ತಿಳಿಸುವ ಕೈಪಿಡಿಗಳು, ಕವನಗಳು, ಕ್ರೀಡೆಗಳ ಒಂದು ದೊಡ್ಡ ಕೋಶದ ಸಂಪಾದನೆ, ಹೀಗೆ ಬರೆದುದೂ ಸಂಪಾದಿಸಿದುದೂ ಸೇರಿ ಹತ್ತಾರು ಗ್ರಂಥಗಳು. ಪ್ರತಿದಿನ ಬರೆಯುವವನು ಪ್ರತಿದಿನವೂ ಚೆನ್ನಾಗಿ ಬರೆಯಲಾರ. ಆರ್ಲಟ್ಟನಲ್ಲಿಯೂ ಅವಸರದ ಪುಟಗಳುಂಟು. ಆದರೆ ಒಂದು ದಿನವಾದರೂ ಗೈರುಹಾಜರಾಗದೆ ಕೆಲಸಕ್ಕೆ ಕೂರುವ ಕಮ್ಮಾರನಂತೆ ಆತನು ತನ್ನ ಕುಲುಮೆಯನ್ನು ಆರಗೊಡಲಿಲ್ಲ.

ಈ ವೃತ್ತಿಯ ನಡುವೆ ಒಮ್ಮೆ ಮೃತ್ಯು ಅವನನ್ನು ಸವರಿಕೊಂಡು ಹೋಯಿತು. ೧೯೫೮ರ ಫೆಬ್ರವರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕಾಲ್ಚೆಂಡಿನ ತಂಡದೊಡನೆ ಬೆಲ್‌ಗ್ರೇಡಿಗೆ ಹೋಗಬೇಕಾಗಿದ್ದವನು ಇವನು. ಕೊನೆಯಲ್ಲಿ ಅವನಿಗೆ ಬದಲಾಗಿ ಅದೇ ಪತ್ರಿಕೆಯ ಹಿರಿಯ ಲೇಖಕ ಡೋನಿ ಡೇವೀಸ್ ಹೋದ. ಹಿಂದಿರುಗುವಾಗ, ೬ನೆಯ ತಾರೀಖು, ಮ್ಯೂನಿಕ್ ನಗರದಲ್ಲಿ ಆ ವಿಮಾನ ನೆಲಕ್ಕೆ ಅಪ್ಪಳಿಸಿತು. ಸತ್ತ ೨೩ ಮಂದಿಯಲ್ಲಿ ಎಂಟು ಮಂದಿ ಪತ್ರಿಕಾಲೇಖಕರು. ಡೇವೀಸ್ ಅವರಲ್ಲಿ ಒಬ್ಬ. ಸ್ಮಶಾನದ ಬಾಗಿಲಲ್ಲಿ ಹುಟ್ಟಿದವನಿಗೆ ಬಾಳು ಎಷ್ಟು ಸಡಿಲವಾದ ದಾರದಿಂದ ಕಟ್ಟಿದ್ದೆಂಬುದು ಮತ್ತೊಮ್ಮೆ ತಿಳಿಯಿತು.

ಇನ್ನು ಅವನು ಬರೆದ ಜೀವನಚರಿತ್ರೆಗಳ ಮಾತು. ಇವುಗಳ ಬೆಲೆ ತಿಳಿಯಬೇಕಾದರೆ ಇಂಗ್ಲೆಂಡಿನ ಕ್ರಿಕೆಟ್ಟಿನಲ್ಲಿ ಬಹುಕಾಲ ನಡೆದುಬಂದ ಒಂದು ಜಾತಿಪದ್ಧತಿಯನ್ನು ತಿಳಿಯಬೇಕು. ಅಲ್ಲಿ ಆಟಗಾರರಲ್ಲಿ ಎರಡು ವರ್ಗ. ಹಣ ಪಡೆಯದೆ ಆಡುವವರು ‘ಜಂಟಲ್‌ಮನ್ನರು’. ಕೂಲಿಗಾಗಿ ಆಡುವವರು ಬರಿಯ ‘ಪ್ಲೇಯರು’ಗಳು. ಇಬ್ಬರೂ ಒಂದೇ ತಂಡದವರಾದರೂ ಬಟ್ಟೆ ಬದಲಾಯಿಸುವ ಕೊಠಡಿ ಬೇರೆ. ಎಷ್ಟೋ ಮೈದಾನಗಳಲ್ಲಿ ಒಳಕ್ಕೆ ಬರುವ ಬಾಗಿಲು ಬೇರೆ. ಅಚ್ಚಿನ ಪಟ್ಟಿಯಲ್ಲಿ ಹೆಸರನ್ನು ಬರೆಯುವ ಕ್ರಮವೂ ಬೇರೆ. ೧೯೬೨ರವರೆಗೆ ಈ ಭೇದ ಅಳಿಯಲಿಲ್ಲ. ಆರ್ಲಟ್ಟನು ತನ್ನ ಶ್ರೇಷ್ಠ ಚರಿತ್ರೆಗಳಿಗೆ ಆರಿಸಿಕೊಂಡ ಮೂವರೂ ಎರಡನೆಯ ಬಾಗಿಲಿನಿಂದ ಒಳಗೆ ಬಂದವರು.

ಮೊದಲನೆಯವನು ಸಸೆಕ್ಸಿನ ಮಾರಿಸ್ ಟೇಟ್. ಅವನ ಚರಿತ್ರೆ ಬಂದುದು ೧೯೫೧ರಲ್ಲಿ. ಟೇಟನ ತಂದೆ ಫ್ರೆಡ್ ಟೇಟ್ ೧೯೦೨ರಲ್ಲಿ ಮ್ಯಾಂಚೆಸ್ಟರಿನಲ್ಲಿ ಒಂದೇ ಒಂದು ಟೆಸ್ಟ್ ಆಡಿದ. ಕೈಗೆ ಬಂದ ಸುಲಭದ ಚೆಂಡನ್ನು ಕೈಬಿಟ್ಟ. ಕೊನೆಯ ದಾಂಡಿಗನಾಗಿ ಹೋಗಿ ವಿಕೆಟ್ಟು ಕಳೆದುಕೊಂಡ. ಇಂಗ್ಲೆಂಡು ಮೂರೇ ರನ್ನುಗಳಿಂದ ಸೋತಿತು. ಆ ಬಡಪಾಯಿಯ ಹೆಸರು ಸೋಲಿಗೆ ಪರ್ಯಾಯವಾಯಿತು. ತನ್ನ ಮಗ ಇದನ್ನು ತೊಳೆಯುತ್ತಾನೆಂದು ಅವನು ಹೇಳಿಕೊಂಡನೆಂದು ಐತಿಹ್ಯ. ಆಗ ಏಳು ವರ್ಷದ ಬಾಲಕನಾಗಿದ್ದ ಮಾರಿಸ್ ೧೯೨೪ರಲ್ಲಿ ತನ್ನ ಮೊದಲ ಟೆಸ್ಟಿನ ಮೊದಲ ಎಸೆತದಲ್ಲಿಯೇ ವಿಕೆಟ್ಟು ಪಡೆದ. ಅದೇ ವರ್ಷದ ಕೊನೆಗೆ ಆಸ್ಟ್ರೇಲಿಯಕ್ಕೆ ಹೋಗಿ ಐದು ಪಂದ್ಯಗಳಲ್ಲಿ ೩೮ ವಿಕೆಟ್ಟುಗಳನ್ನು ಕೆಡವಿದ. ಪಿತೃಋಣವೆಂಬ ಮಾತು ನಮಗೆ ಹೊಸದಲ್ಲ. ಅದನ್ನು ಚೆಂಡಿನಿಂದ ತೀರಿಸಿದವನು ಮಾತ್ರ ಅಪೂರ್ವ.

ಎರಡನೆಯವನು ಯಾರ್ಕ್‌ಷೈರಿನ ಫ್ರೆಡ್ ಟ್ರೂಮನ್, ಗಣಿಯ ಕೂಲಿಗಾರನ ಮಗ. ೧೯೫೨ರಲ್ಲಿ ಲೀಡ್ಸಿನಲ್ಲಿ ನಮ್ಮ ತಂಡದ ಎರಡನೆಯ ಸರದಿ ಒಂದು ರನ್ನೂ ಇಲ್ಲದೆ ನಾಲ್ಕು ವಿಕೆಟ್ಟುಗಳನ್ನು ಕಳೆದುಕೊಂಡ ದುರ್ದಿನವನ್ನು ನಮ್ಮ ಹಿರಿಯರು ಮರೆತಿರಲಿಲ್ಲ. ಆ ನಾಲ್ಕರಲ್ಲಿ ಮೂರು ಈತನ ಪಾಲು, ಅದೂ ತನ್ನ ಮೊದಲ ಟೆಸ್ಟಿನಲ್ಲಿ. ಟೆಸ್ಟ್ ಆಟದಲ್ಲಿ ೩೦೦ ವಿಕೆಟ್ಟುಗಳನ್ನು ಮೊದಲು ಮುಟ್ಟಿದವನೂ ಈತನೇ, ೧೯೬೪ರಲ್ಲಿ. ಆರ್ಲಟ್ಟನು ೧೯೭೧ರಲ್ಲಿ ಇವನನ್ನು ಕುರಿತು ‘ಫ್ರೆಡ್’ ಎಂಬ ಗ್ರಂಥವನ್ನು ಬರೆದ. ಉಸಿರಾಡಿದ ವೇಗದ ಬೌಲರುಗಳಲ್ಲೆಲ್ಲ ಮಿಗಿಲಾದವನ ಚರಿತ್ರೆ ಎಂಬರ್ಥದ ಒಂದು ಉದ್ದನೆಯ ಹೆಸರನ್ನು ಟ್ರೂಮನ್ನನೇ ಸೂಚಿಸಿದನಂತೆ; ಲೇಖಕ ನಾಲ್ಕಕ್ಷರಕ್ಕೆ ತೃಪ್ತನಾದ. ಟ್ರೂಮನ್ನನು ಜಗಳಗಂಟ, ಆಡಂಬರದವನು, ಮಾತಿನ ಮಲ್ಲ. ಆತನ ಸುತ್ತ ಹುಟ್ಟಿದ ಕಟ್ಟುಕಥೆಗಳು ಆತನು ಪಡೆದ ವಿಕೆಟ್ಟುಗಳಿಗಿಂತ ಹೆಚ್ಚು. ಆ ಕಥೆಗಳ ಒಳಗಿಂದ ನಿಜವಾದ ಮನುಷ್ಯನನ್ನು ಬಿಡಿಸಿ ತೋರಿಸುವುದು ಸುಲಭವಾಗಿರಲಿಲ್ಲ. ಹೊಗಳುಭಟನ ಕೆಲಸವನ್ನೂ ದೋಷದರ್ಶಿಯ ಕೆಲಸವನ್ನೂ ಬಿಟ್ಟು ಆರ್ಲಟ್ಟನು ನಡುವಿನ ಕಿರುದಾರಿಯಲ್ಲಿ ನಡೆದ. ಆದುದರಿಂದಲೇ ಬಲ್ಲವರು ಅನೇಕರು ಇದನ್ನು ಅವನ ಅತ್ಯುತ್ತಮ ಕೃತಿಗಳಲ್ಲಿ ಒಂದೆಂದು ಎಣಿಸುತ್ತಾರೆ.

ಮೂರನೆಯವನು ಬಾಲ್ಯದ ಆರಾಧ್ಯಮೂರ್ತಿ ಜ್ಯಾಕ್ ಹಾಬ್ಸ್. ಕೇಂಬ್ರಿಜ್ಜಿನ ಕಾಲೇಜೊಂದರ ಮೈದಾನವನ್ನು ನೋಡಿಕೊಳ್ಳುತ್ತಿದ್ದವನ ಹನ್ನೆರಡು ಮಕ್ಕಳಲ್ಲಿ ಹಿರಿಯವನು. ಮೇಲ್ದರ್ಜೆಯ ಆಟದಲ್ಲಿ ೧೯೭ ಶತಕಗಳನ್ನು ಹೊಡೆದವನೆಂದು ಸಾಮಾನ್ಯವಾದ ಎಣಿಕೆ. ೧೯೫೩ರಲ್ಲಿ ‘ಸರ್’ ಪದವಿಯನ್ನು ಪಡೆದ ಮೊದಲ ಕೂಲಿಯ ಆಟಗಾರ. ಅದೇ ವರ್ಷ ಆರ್ಲಟ್ಟನು ಗೆಳೆಯರನ್ನು ಕೂಡಿಸಿ ಹಾಬ್ಸನ ಗೌರವಾರ್ಥವಾಗಿ ಒಂದು ಸಣ್ಣ ಕೂಟವನ್ನು ಸ್ಥಾಪಿಸಿದ; ಅವನ ಹುಟ್ಟುಹಬ್ಬದ ಸುಮಾರಿಗೆ ಒಟ್ಟಿಗೆ ಉಣ್ಣುವುದೇ ಅದರ ವ್ರತ. ಹಾಬ್ಸನು ೧೯೬೩ರಲ್ಲಿ ತೀರಿಕೊಂಡ. ಅವನ ಚರಿತ್ರೆಯನ್ನು ಆರ್ಲಟ್ಟನು ಪ್ರಕಟಿಸಿದುದು ೧೯೮೧ರಲ್ಲಿ, ಮೈಕನ್ನು ಕೆಳಗಿಟ್ಟ ಮರುವರ್ಷ. ಹನ್ನೆರಡನೆಯ ವಯಸ್ಸಿನಲ್ಲಿ ಕಂಡುದನ್ನು ಬರೆಯಲು ಅರವತ್ತೇಳರವರೆಗೆ ಕಾದ. ಭಕ್ತಿಯುಳ್ಳವನು ಅವಸರಪಡುವುದಿಲ್ಲ.

ಮನುಷ್ಯನನ್ನು ಹೀಗೆ ಅಂಕಿಗಿಂತ ಮುಂದಿಟ್ಟು ನೋಡುವ ಅಭ್ಯಾಸ ಲೇಖನಿಯ ತುದಿಯಲ್ಲಿಯೇ ನಿಲ್ಲಲಾರದು. ೧೯೪೮-೪೯ರ ಚಳಿಗಾಲದಲ್ಲಿ ಇಂಗ್ಲೆಂಡಿನ ತಂಡದೊಡನೆ ಆರ್ಲಟ್ಟನು ದಕ್ಷಿಣ ಆಫ್ರಿಕಕ್ಕೆ ಹೋದ. ಬಣ್ಣದ ಮೇಲೆ ಜನರನ್ನು ಬೇರ್ಪಡಿಸುವ ನೀತಿಯ ಸರಕಾರ ಅಲ್ಲಿ ಅದೇ ವರ್ಷ ಅಧಿಕಾರಕ್ಕೆ ಬಂದಿತ್ತು. ಮೈದಾನದ ಹೊರಗೆ ಕರಿಯರ ಕೇರಿಗಳಿಗೆ ಹೋಗಿ ಅವರ ಸ್ಥಿತಿಯನ್ನು ಕಣ್ಣಾರೆ ಕಂಡ. ಸರಕಾರದ ನಮೂನೆಯೊಂದರಲ್ಲಿ ಯಾವ ಕುಲದವನೆಂದು ಕೇಳಿದ ಕಡೆ ‘ಮಾನವ’ ಎಂದು ಬರೆದನೆಂಬುದು ಪ್ರಸಿದ್ಧವಾದ ಸಂಗತಿ. ೧೯೫೦ರಲ್ಲಿ ರೇಡಿಯೋದ ಚರ್ಚೆಯೊಂದರಲ್ಲಿ ಆ ಸರಕಾರವನ್ನು ಹಿಟ್ಲರನ ಆಳಿಕೆಗೆ ಹೋಲಿಸಿದ; ಆಕ್ಷೇಪಣೆ ಬಂದಿತು; ಆ ಕಾರ್ಯಕ್ರಮದಿಂದ ಕೆಲಕಾಲ ಅವನನ್ನು ದೂರವಿಟ್ಟರು.

ಹೀಗಿರಲು ೧೯೫೮ರಲ್ಲಿ ಕೇಪ್‌ಟೌನಿನಿಂದ ಹಸಿರು ಶಾಯಿಯಲ್ಲಿ ಬರೆದ ಒಂದು ಕಾಗದ ಬಂದಿತು. ಬರೆದವನು ಬೆಸಿಲ್ ಡಾಲಿವೇರಾ. ಬಿಳಿಯನಲ್ಲದ ಕಾರಣ ತನ್ನ ದೇಶದ ದೊಡ್ಡ ಮೈದಾನಗಳಲ್ಲಿ ಆಡಲಾರ. ಇಂಗ್ಲೆಂಡಿನಲ್ಲಿ ಎಲ್ಲಿಯಾದರೂ ಆಡಿ ಬದುಕಲು ದಾರಿಯುಂಟೇ ಎಂದು ಕೇಳಿದ್ದ. ಗುರುತು ಪರಿಚಯವಿಲ್ಲದವನ ಕಾಗದ. ಅವನ ಆಟವನ್ನು ಆರ್ಲಟ್ ಕಂಡವನಲ್ಲ. ಆದರೂ ಮ್ಯಾಂಚೆಸ್ಟರಿನ ಪತ್ರಿಕಾಲೇಖಕ ಜಾನ್ ಕೇ ಎಂಬ ಗೆಳೆಯನ ನೆರವಿನಿಂದ ಎರಡು ವರ್ಷ ಪ್ರಯತ್ನಪಟ್ಟು, ೧೯೬೦ರಲ್ಲಿ ಲ್ಯಾಂಕಾಷೈರಿನ ಮಿಡಲ್‌ಟನ್ ಎಂಬ ಊರಿನ ತಂಡದಲ್ಲಿ ಅವನಿಗೆ ಒಂದು ಬೇಸಿಗೆಯ ಕೆಲಸವನ್ನು ಕೊಡಿಸಿದ. ಆ ಒಂದು ಬೇಸಿಗೆಯಿಂದ ಡಾಲಿವೇರಾ ಮೇಲೇರಿದ. ೧೯೬೬ರಲ್ಲಿ ಇಂಗ್ಲೆಂಡಿನ ಪರವಾಗಿಯೇ ಟೆಸ್ಟ್ ಆಡಿದ.

ಮುಂದಿನದು ಚರಿತ್ರೆಗೆ ಸೇರಿದ ವಿಷಯ. ೧೯೬೮ರ ಆಗಸ್ಟಿನಲ್ಲಿ ಆತನು ಆಸ್ಟ್ರೇಲಿಯದ ವಿರುದ್ಧ ೧೫೮ ರನ್ನುಗಳನ್ನು ಹೊಡೆದನಾದರೂ ದಕ್ಷಿಣ ಆಫ್ರಿಕಕ್ಕೆ ಹೋಗುವ ತಂಡಕ್ಕೆ ಅವನನ್ನು ಆರಿಸಲಿಲ್ಲ. ಆಮೇಲೆ ಮತ್ತೊಬ್ಬನು ಗಾಯದಿಂದ ಹಿಂದೆಗೆದಾಗ ಸೇರಿಸಿಕೊಂಡರು. ಅಂಥ ತಂಡವನ್ನು ತಾನು ಬರಮಾಡಿಕೊಳ್ಳುವುದಿಲ್ಲವೆಂದು ಅಲ್ಲಿಯ ಪ್ರಧಾನಿ ಫಾರ್ಸ್ಟರ್ ಸಾರಿದ; ಪ್ರವಾಸ ನಿಂತಿತು. ೧೯೭೦ರಲ್ಲಿ ದಕ್ಷಿಣ ಆಫ್ರಿಕದ ತಂಡವೇ ಇಂಗ್ಲೆಂಡಿಗೆ ಬರುವುದೆಂದು ನಿಶ್ಚಯವಾದಾಗ, ಆ ಪಂದ್ಯಗಳನ್ನು ತಾನು ರೇಡಿಯೋದಲ್ಲಿ ನುಡಿಯುವುದಿಲ್ಲವೆಂದು ಆರ್ಲಟ್ಟನು ತನ್ನ ಪತ್ರಿಕೆಯಲ್ಲಿ ಬಹಿರಂಗವಾಗಿ ತಿಳಿಸಿದ. ಆಟಕ್ಕೂ ರಾಜಕೀಯಕ್ಕೂ ಏನು ಸಂಬಂಧವೆಂದು ಹಳೆಯ ಗೆಳೆಯರೇ ಅನೇಕರು ಮುನಿದರು. ಅವನಿಗಿದ್ದ ಭಾವನೆ ಸರಳವಾದದ್ದು: ಯಾವ ಆಟದ ಸೊಬಗನ್ನು ವರ್ಣಿಸುವುದು ತನ್ನ ಬಾಳಿನ ಕಸಬೋ, ಆ ಸೊಬಗು ಅನ್ಯಾಯಕ್ಕೆ ಹೊದಿಕೆಯಾದರೆ ಬಾಯಿ ಮುಚ್ಚುವುದೇ ಆ ಕಸಬಿನ ಮರ್ಯಾದೆ. ಕೊನೆಗೆ ಸರಕಾರದ ಕೋರಿಕೆಯಂತೆ ಆ ಪ್ರವಾಸವೂ ರದ್ದಾಯಿತು. ೧೯೯೦ರ ದಶಕದಲ್ಲಿ ದಕ್ಷಿಣ ಆಫ್ರಿಕದ ಆ ವ್ಯವಸ್ಥೆ ಅಳಿಯಿತು. ೨೦೦೪ರಿಂದ ಎರಡು ದೇಶಗಳ ಟೆಸ್ಟ್ ಪಾರಿತೋಷಕಕ್ಕೆ ಡಾಲಿವೇರಾನ ಹೆಸರನ್ನೇ ಇಟ್ಟಿದ್ದಾರೆ. ಆರ್ಲಟ್ಟನ ಬರಹಗಳಲ್ಲಿ ಯಾವುದು ಮಿಗಿಲೆಂದು ಯಾರಾದರೂ ಕೇಳಿದರೆ, ಆ ಹಸಿರು ಶಾಯಿಯ ಕಾಗದಕ್ಕೆ ಅವನು ಬರೆದ ಉತ್ತರವೆಂದು ಹೇಳಲು ನಮಗೆ ಮನಸ್ಸಾಗುತ್ತದೆ.

ಅವನ ಖಾಸಗಿ ಬಾಳು ಸುಖಮಯವಾಗಿರಲಿಲ್ಲ. ೧೯೬೪ ಕಳೆದು ೧೯೬೫ ಹುಟ್ಟುವ ಹೊತ್ತಿನಲ್ಲಿ ಹಿರಿಯ ಮಗ ವಾಹನದ ಅಪಘಾತಕ್ಕೆ ಸಿಕ್ಕಿ ಸತ್ತ. ಅಂದಿನಿಂದ ತಂದೆ ಕೊರಳಿಗೆ ಕಟ್ಟುತ್ತಿದ್ದುದು ಕಪ್ಪು ಪಟ್ಟಿ. ೧೯೭೬ರಲ್ಲಿ ಎರಡನೆಯ ಹೆಂಡತಿಯೂ ತೀರಿಕೊಂಡಳು. ಇಷ್ಟನ್ನು ಹೊತ್ತುಕೊಂಡೇ ಆತನು ಬೆಳಗಾದರೆ ಮೈದಾನಕ್ಕೆ ಹೋಗಿ, ಲಕ್ಷಾಂತರ ಜನಕ್ಕೆ ಆಟದ ಸಂತೋಷವನ್ನು ಹಂಚಿ ಬರುತ್ತಿದ್ದ. ಕೊನೆಗಾಲದಲ್ಲಿ, ೧೯೯೦ರಲ್ಲಿ, ‘ಬೇಸಿಂಗ್‌ಸ್ಟೋಕ್ ಬಾಯ್’ ಎಂಬ ಆತ್ಮಚರಿತ್ರೆಯನ್ನು ಪ್ರಕಟಿಸಿದಾಗ ಅದರಲ್ಲಿ ತನ್ನನ್ನು ‘ನಾನು’ ಎಂದು ಕರೆದುಕೊಳ್ಳದೆ ‘ಅವನು’ ಎಂದೇ ಬರೆದ. ಇತರರ ಬಾಳನ್ನು ಅಷ್ಟು ಹತ್ತಿರದಿಂದ ಬರೆದವನು ತನ್ನ ಬಾಳನ್ನು ದೂರದಲ್ಲಿ ನಿಲ್ಲಿಸಿ ನೋಡಿದ.

ಅವನು ಕೊನೆಯ ಟೆಸ್ಟ್ ಪಂದ್ಯವನ್ನು ನುಡಿದುದು ೧೯೮೦ರಲ್ಲಿ, ಲಾರ್ಡ್ಸ್ ಮೈದಾನದಲ್ಲಿ. ಸೆಪ್ಟೆಂಬರ್ ೨ರಂದು ಅವನ ಕಡೆಯ ಸರದಿ. ಉದ್ದವಾದ ವಿದಾಯದ ಮಾತನ್ನು ಎಲ್ಲರೂ ಕಾದಿದ್ದರು. ಅವನಾದರೋ ಓವರು ಮುಗಿದೊಡನೆ ಎಂದಿನಂತೆ ಮುಂದೆ ಮಾತನಾಡುವವರ ಹೆಸರುಗಳನ್ನು ಹೇಳಿ ಎದ್ದುಬಿಟ್ಟ. ನಿವೃತ್ತಿಯ ಸುದ್ದಿಯನ್ನು ಮೈದಾನದಲ್ಲಿ ಧ್ವನಿವರ್ಧಕದಿಂದ ಸಾರಿದಾಗ ನೆರೆದ ಜನವೆಲ್ಲ ಚಪ್ಪಾಳೆ ತಟ್ಟಿದರು. ಆಸ್ಟ್ರೇಲಿಯದ ಆಟಗಾರರೂ ಆಟ ನಿಲ್ಲಿಸಿ ಅತ್ತ ತಿರುಗಿ ತಟ್ಟಿದರು. ದಾಂಡು ಹಿಡಿದಿದ್ದ ಬಾಯ್ಕಾಟ್ ಕೈಗವಸನ್ನು ತೆಗೆದು ತಟ್ಟಿದ. ಆಡಿದವರಿಗೆ ಸಲ್ಲುವ ಗೌರವ ಆಡಿದುದನ್ನು ಹೇಳಿದವನಿಗೆ ಸಂದಿತು. ಆ ಮೇಲೆ ಆತನು ಆಲ್ಡರ್ನಿ ಎಂಬ ಸಣ್ಣ ದ್ವೀಪಕ್ಕೆ ಹೋಗಿ ನೆಲೆಸಿದ. ೧೯೯೧ರ ಡಿಸೆಂಬರ್ ೧೪ರಂದು ಅಲ್ಲಿಯೇ ಕಾಲವಾದ.

ಬ್ರಾಡ್ಮನ್ನನ ಸೊನ್ನೆಯನ್ನು ಕಂಡ ಆ ಓವಲ್ ಮೈದಾನದಲ್ಲಿಯೇ ೧೯೭೧ರ ಆಗಸ್ಟಿನಲ್ಲಿ ನಮ್ಮ ಮೈಸೂರಿನ ಚಂದ್ರಶೇಖರ್ ೩೮ ರನ್ನುಗಳಿಗೆ ಆರು ವಿಕೆಟ್ಟುಗಳನ್ನು ಪಡೆದು, ಇಂಗ್ಲೆಂಡಿನ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವಿಗೆ ದಾರಿಮಾಡಿದರು. ಬಾಲ್ಯದ ಪೋಲಿಯೋ ರೋಗದಿಂದ ಕೃಶವಾದ ಬಲಗೈ ಅದು. ಆ ಅಂಕಿ ನಮ್ಮ ಹುಡುಗರೆಲ್ಲ ಬಲ್ಲದ್ದು. ಆದರೆ ಆ ಕೈಯ ಕಥೆಯನ್ನೂ, ಊರೂರಿನ ಮೈದಾನಗಳಲ್ಲಿ ಆಡಿ ಮರೆಯಾದ ಕುಸ್ತಿಯ ಪೈಲ್ವಾನರ, ಹಾಕಿ ಕಾಲ್ಚೆಂಡುಗಳ ಆಟಗಾರರ ಕಥೆಗಳನ್ನೂ, ಟೇಟನ ಕಥೆಯನ್ನು ಆರ್ಲಟ್ ಬರೆದಷ್ಟು ಶ್ರದ್ಧೆಯಿಂದ ಕನ್ನಡದಲ್ಲಿ ಬರೆಯುವವರು ಎಷ್ಟು ಮಂದಿ ಬೇಕಾಗಿದ್ದಾರೆ! ಅದಕ್ಕೆ ಪದವಿಯೇ ಬೇಕೆಂದಿಲ್ಲ; ಆರ್ಲಟ್ಟನಿಗೆ ಅದು ಇರಲಿಲ್ಲ. ನೋಡುವ ಕಣ್ಣು, ಹುಟ್ಟೂರಿನ ಮಾತು, ಅಂಕಿಯ ಹಿಂದಿರುವ ಮನುಷ್ಯನಲ್ಲಿ ಅಕ್ಕರೆ, ಇಷ್ಟಿದ್ದರೆ ಸಾಕು. ನಾಳೆ ಸಂಜೆಯೂ ಮೈದಾನದಲ್ಲಿ ಆಟ ಮುಗಿಯುತ್ತದೆ. ಹುಡುಗರು ಮನೆಗೆ ಹೋಗುವ ಮುಂಚೆ ಅವರಲ್ಲಿ ಒಬ್ಬನಾದರೂ ಕಂಡುದನ್ನು ಬರೆದಿಟ್ಟುಕೊಂಡರೆ ಈ ಭಾಷಣ ಸಾರ್ಥಕವಾಯಿತೆಂದು ನಾವು ತಿಳಿಯುತ್ತೇವೆ.